ಇಪ್ಪತ್ತಮೂರು ಊಟ, ಅಡುಗೆಯವರು ಸೊನ್ನೆ

ಪವರ್‌ಹೌಸ್ ಮುಚ್ಚುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಅಲ್ಲಿನ ಫೋರ್‌ಮನ್ ಪುಟ್ಟೇಗೌಡರು. "ಮೇಡಂ, ಘಟ್ಟದಲ್ಲಿ ಮಳೆ ನಿಂತ್ರೆ ತಾನೇ ಹಳ್ಳ ನಿಲ್ಲೋದು? ಹಳ್ಳ ನಿಂತ್ರೆ ತಾನೇ ನಮ್ ಟರ್ಬೈನ್ ನಿಲ್ಲೋದು? ಬರ್ಕೊಳಿ, ನಾನ್ ಸತ್ರೂ ಇದು ತಿರುಗ್ತಾ ಇರ್ತದೆ" ಎಂದರು. ನಾನು ಬರೆದುಕೊಂಡೆ. ಬರೆದುಕೊಳ್ಳುವುದೇ ನನ್ನ ಕೆಲಸ. ಎರಡನೆಯವರು ಪಕ್ಕದ ಎಸ್ಟೇಟಿನ ಮಾಲೀಕರಾದ ಧರ್ಮಪ್ಪಗೌಡರು. ಅವರು ಹೇಳುವುದೂ ಇಲ್ಲ, ನಕ್ಕುಬಿಡುತ್ತಾರೆ, ನಕ್ಕರು. ಮೂರನೆಯವರು ನಮ್ಮ ಸಾಹೇಬರು. ನಮ್ಮ ನಮೂನೆಯಲ್ಲಿ 'ಹೊಸದಾಗಿ ಆರಂಭವಾದ ಉದ್ದಿಮೆ' ಎಂಬ ಕಾಲಂ ಇದೆ, 'ಮುಚ್ಚಿದ ಉದ್ದಿಮೆ' ಎಂಬ ಕಾಲಂ ಇಲ್ಲ, ಆದ್ದರಿಂದ ಮುಚ್ಚುವ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂಬುದು ಅವರ ವಾದ. ಈಗ ಟರ್ಬೈನ್ ನಿಂತಿದೆ. ಪುಟ್ಟೇಗೌಡರು ಆರೋಗ್ಯವಾಗಿದ್ದಾರೆ.

ನಾನು ಮೂವತ್ತನಾಲ್ಕು ವರ್ಷ ಸಮೀಕ್ಷೆ ಕಚೇರಿಯಲ್ಲಿದ್ದೆ. ಮನೆಮನೆಗೆ ಹೋಗಿ ಎಷ್ಟು ಜನ, ಏನು ಕೆಲಸ, ಏನು ಊಟ ಎಂದು ಕೇಳಿ ಬರೆಯುವ ಕೆಲಸ. ಕೆ. ಹೊಸಕೋಟೆ ಹೋಬಳಿಯ ಒಂದು ಸಣ್ಣ ಊರು ನನ್ನದು. ಅಪ್ಪನದು ಹೆಬ್ಬೆಟ್ಟು, ಅವ್ವನದೂ ಹೆಬ್ಬೆಟ್ಟು. ನಾನು ಬಿ.ಎ. ಮಾಡಿದೆ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಪಾಸಾಗಿ. ಆಮೇಲೆ ಎಲ್ಲಿ ಸಹಿ ಹಾಕಿದರೂ ಪಕ್ಕದಲ್ಲಿ 'ಬಿ.ಎ.' ಎಂದು ಬರೆಯುವ ಅಭ್ಯಾಸ ಮಾಡಿಕೊಂಡೆ. ಕಚೇರಿಯವರು ಹಾಲಿನವನ ಚೀಟಿಗೂ ಬಿ.ಎ. ಹಾಕ್ತಾಳೆ ಜಯಮ್ಮ ಎಂದು ನಗುತ್ತಿದ್ದರು. ಹಾಕುತ್ತಿದ್ದೆ, ಸುಳ್ಳಲ್ಲ. ಪುಕ್ಕಟೆ ಬಂದದ್ದಲ್ಲವಲ್ಲ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ಕೈಗೆ ಟ್ಯಾಬ್ ಕೊಡುತ್ತಾರೆ. ಒತ್ತಿದರೆ ಪಟ್ಟಿ ಇಳಿಯುತ್ತದೆ, ಒಂದನ್ನು ಆರಿಸಬೇಕು. ನಮ್ಮ ಕಾಲದಲ್ಲಿ ಉದ್ದನೆಯ ನಮೂನೆ, ಎರಡು ಕಾರ್ಬನ್, ಪ್ಲಾಸ್ಟಿಕ್ ಚೀಲ, ಜಿಗಣೆಗೆ ಸುಣ್ಣ. ಟ್ಯಾಬ್‌ಗೆ ಜಿಗಣೆ ಹತ್ತುವುದಿಲ್ಲ ಎಂಬುದನ್ನು ಬಿಟ್ಟರೆ ಹೆಚ್ಚಿನ ವ್ಯತ್ಯಾಸವಿಲ್ಲ. ಪ್ರಶ್ನೆ ಬರೆದವನು ಆಗಲೂ ಊರು ನೋಡಿರಲಿಲ್ಲ, ಈಗಲೂ ನೋಡಿಲ್ಲ.

ನನ್ನ ಮೊದಲ ವರ್ಷದ ಸಾಧನೆ ಹೇಳುತ್ತೇನೆ. ನಮೂನೆಯಲ್ಲಿ 'ಕುಟುಂಬದಲ್ಲಿ ದುಡಿಯುವ ಕೈಗಳು ಎಷ್ಟು?' ಎಂದಿತ್ತು. ಒಂದು ಎಸ್ಟೇಟಿನ ಲೈನಿನಲ್ಲಿ, ಎಂದರೆ ಆಳುಗಳ ಸಾಲುಮನೆಗಳಲ್ಲಿ, ಕೇಳಿದೆ. ಆ ಮನೆಯ ಯಜಮಾನ ಬೆರಳು ಮಡಚಿ ಎಣಿಸಿ "ಎಂಟು ಕಣವ್ವ" ಎಂದ. ಬರೆದೆ. ಮುಂದಿನ ಮನೆ, ಆರು. ಅದರ ಮುಂದಿನದು, ಹತ್ತು. ಆ ಊರಿನಲ್ಲಿ ಇರುವ ಜನಕ್ಕಿಂತ ದುಡಿಯುವವರೇ ಹೆಚ್ಚಾದರು. ಮೇಲಿನ ಕಚೇರಿಯವರು ಅದನ್ನು ಪ್ರಗತಿ ಎಂದು ಓದಿಕೊಂಡರು. ಒಬ್ಬೊಬ್ಬರಿಗೆ ಎರಡೆರಡು ಕೈ ಇರುತ್ತವೆ ಎಂದು ನನಗೆ ಹೊಳೆದದ್ದು ಮೂರು ದಿನದ ಮೇಲೆ, ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡು ನಿಂತಿದ್ದಾಗ.

ಆ ತಪ್ಪು ನಗುವಂಥದ್ದು. ನಗಲಾಗದ್ದು ಇನ್ನೊಂದಿದೆ.

ಹೊಂಗಡಹಳ್ಳ ದಾಟಿ ಬಿಸ್ಲೆ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ ಆ ಪವರ್‌ಹೌಸ್. ಹಳ್ಳಕ್ಕೆ ಅಡ್ಡಕಟ್ಟೆ, ಗುಡ್ಡ ಇಳಿಯುವ ದಪ್ಪ ಪೈಪು, ಕೆಳಗೆ ಎರಡು ಟರ್ಬೈನ್, ಒಂದಷ್ಟು ಕ್ವಾರ್ಟರ್ಸ್. ಹನ್ನೆರಡು ವರ್ಷದ ಹಿಂದೆ ಅಲ್ಲಿ ಕುಟುಂಬ ಸಮೀಕ್ಷೆಗೆ ಹೋಗಿದ್ದೆ. ಗೇಟಿನ ಹೊರಗೆ, ಪವರ್‌ಹೌಸಿನವರದ್ದೇ ಜಾಗದಲ್ಲಿ, ತಗಡಿನ ಮನೆಯೊಂದಿತ್ತು. ಮುಂದಿನ ಭಾಗದಲ್ಲಿ ಬೆಂಚು, ಹಿಂದಿನ ಭಾಗದಲ್ಲಿ ಸಂಸಾರ. ಯಜಮಾನಿತಿ ರತ್ನಮ್ಮ ಎರಡು ಒಲೆ ಉರಿಸಿಕೊಂಡು, ಬೆವರು ಒರೆಸಿಕೊಂಡು ಹೊರಗೆ ಬಂದಳು. ಅತ್ತೆ, ಗಂಡ, ಮಗಳು ಎಂದು ಹೇಳಿದಳು. ಗಂಡ ಎಸ್ಟೇಟಿನಲ್ಲಿ ನೆರಳಿನ ಮರ ಹತ್ತಿ ರೆಂಬೆ ಕಡಿಯುವ, ಮರ ಕಸಿ ಮಾಡುವವನು.

"ನೀವೇನ್ ಕೆಲಸ ಮಾಡ್ತೀರಮ್ಮ?"

"ನಂದೇನೈತೆ ಮೇಡಂ? ಏನಿಲ್ಲ. ಸುಮ್ನೆ ಮನೇಲೇ ಇವ್ನಿ."

ಬರೆದೆ: ಕೆಲಸವಿಲ್ಲ. ಕೆಳಗೆ ಸಹಿ. ಪಕ್ಕದಲ್ಲಿ, ಬಿ.ಎ.

ಆಮೇಲೆ ಅವಳು ಕೊಟ್ಟ ಎರಡು ಅಕ್ಕಿ ರೊಟ್ಟಿ, ಕಳಲೆ ಪಲ್ಯ ತಿಂದು, ಕೈ ತೊಳೆದು ಕ್ವಾರ್ಟರ್ಸಿಗೆ ಹೋದೆ. ರೊಟ್ಟಿ ತಿಂದ ಬಾಯಿಗೂ ಬರೆದ ಕೈಗೂ ಆವತ್ತು ಮಾತುಕತೆ ಇರಲಿಲ್ಲ. ನಮ್ಮ ಕಡೆ ಯಾವ ಹೆಂಗಸನ್ನು ಕೇಳಿದರೂ ಮೊದಲು ಬರುವ ಮಾತು 'ಏನಿಲ್ಲ, ಸುಮ್ನೆ ಇದೀನಿ' ಎಂದೇ. ನನ್ನ ಅವ್ವ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅದನ್ನೇ ಹೇಳುತ್ತಿದ್ದಳು. ಅರ್ಥಶಾಸ್ತ್ರ ಓದಿ ಬಂದವಳಿಗೆ ಅದು ಮಾತ್ರ ಮರೆತಿತ್ತು.

ನನ್ನ ನಿವೃತ್ತಿಗೆ ಇನ್ನೂ ಒಂದು ವರ್ಷವಿರುವಾಗ ಪವರ್‌ಹೌಸ್ ನಿಂತಿತು. ಜಾಗದ ಗುತ್ತಿಗೆ ಮುಗಿದಿತ್ತು, ಯಂತ್ರ ಹಳತಾಗಿತ್ತು, ರಿಪೇರಿಗಿಂತ ಮುಚ್ಚುವುದೇ ಲಾಭ ಎಂದು ಎಲ್ಲೋ ಕುಳಿತವರು ತೀರ್ಮಾನಿಸಿದ್ದರು. ಹಳ್ಳ ಮಾತ್ರ ಹರಿಯುತ್ತಲೇ ಇತ್ತು. ಅದಕ್ಕೆ ಯಾರೂ ತಿಳಿಸಿರಲಿಲ್ಲ.

ಮುಚ್ಚಿದರೆ ಸುತ್ತಲಿನ ಊರಿಗೆ ಏನಾಗುತ್ತದೆ ಎಂಬ ವರದಿ ಬೇಕೆಂದು ಮೇಲಿನಿಂದ ಬರೆದು ಬಂತು. ನಮ್ಮ ಸಾಹೇಬರು ಚುರುಕಿನ ಮನುಷ್ಯ. ನಾನು ಬಸ್ಸು ಹತ್ತುವ ಮೊದಲೇ ಮುಕ್ತಾಯದ ಸಾಲು ಬರೆದಿಟ್ಟಿದ್ದರು: 'ಸ್ಥಳೀಯ ಆರ್ಥಿಕತೆಯ ಮೇಲೆ ಪರಿಣಾಮ ನಗಣ್ಯ.' ಕಾರಣ, ಖಾಯಂ ನೌಕರರು ಕೆಲವೇ ಜನ, ಅವರಿಗೆ ಬೇರೆ ಕಡೆ ವರ್ಗ.

"ಇನ್ನೂ ನಾನು ಹೋಗಿಲ್ಲ ಸರ್" ಎಂದೆ.

"ಹೋಗಿ ಬನ್ನಿ ಜಯಮ್ಮನೋರೇ. ಹೋಗಿ ಬಂದಿಲ್ಲ ಅಂದ್ರೆ ವರದಿಗೆ ಬೆಲೆ ಇರಲ್ಲ" ಎಂದರು.

ಹೋದೆ. ಮೊದಲ ನಗಣ್ಯ ಸಿಕ್ಕಿದ್ದು ಬಸ್ಸಿನಲ್ಲೇ. ಪವರ್‌ಹೌಸ್ ಗೇಟಿನವರೆಗೆ ಹೋಗಿ ತಿರುಗುತ್ತಿದ್ದ ಬೆಳಗಿನ ಬಸ್ಸು ಈಗ ಹೊಂಗಡಹಳ್ಳಕ್ಕೇ ನಿಂತಿತು. ಶಿಫ್ಟಿನವರಿಲ್ಲದ ಮೇಲೆ ಯಾರಿಗಾಗಿ ಮೇಲೆ ಹತ್ತಬೇಕು ಎಂದ ಕಂಡಕ್ಟರ್. ಲೈನಿನ ಹೆಂಗಸರು, ಹೈಸ್ಕೂಲಿನ ಮಕ್ಕಳು, ಗರ್ಭಿಣಿಯರು ಮುಂಚೆಯೂ ಅದೇ ಬಸ್ಸಿನಲ್ಲೇ ಇದ್ದರು, ಆದರೆ ಅವರಿಗಾಗಿ ಬಸ್ಸು ಬರುತ್ತಿರಲಿಲ್ಲವಂತೆ. ಶಿಫ್ಟಿನವರಿಗಾಗಿ ಬರುವುದರಲ್ಲಿ ಅವರು ಹತ್ತಿಕೊಳ್ಳುತ್ತಿದ್ದರಂತೆ. ನಾನು ಅವರ ಜೊತೆಗೇ ನಡೆದೆ.

ಎರಡನೇ ನಗಣ್ಯ ಸೈರನ್ನಿನದು. ಪವರ್‌ಹೌಸ್ ಬೆಳಿಗ್ಗೆ ಎಂಟಕ್ಕೆ ಸೈರನ್ ಕೂಗುತ್ತಿತ್ತು. ಸುತ್ತಲಿನ ಎಸ್ಟೇಟುಗಳಲ್ಲಿ ಆಳುಗಳ ಹಾಜರಿ ಆ ಕೂಗಿಗೇ. ಈಗ ಕೂಗಿಲ್ಲ. ಧರ್ಮಪ್ಪಗೌಡರ ರೈಟರ್ ತನ್ನ ಮೊಬೈಲ್ ನೋಡಿ ಹಾಜರಿ ಹಿಡಿಯತೊಡಗಿದ. ಆಳುಗಳು, ಆ ಮೊಬೈಲು ಬೆಳಿಗ್ಗೆ ಓಡ್ತದೆ, ಸಂಜೆ ತೆವಳ್ತದೆ ಎಂದು ತಗಾದೆ ತೆಗೆದರು. ಅವರವರದ್ದೂ ಮೊಬೈಲ್ ಇದ್ದವು, ಆದರೆ ಎಲ್ಲರೂ ಒಪ್ಪುವ ಗಂಟೆ ಒಂದೂ ಇರಲಿಲ್ಲ. ಕೊನೆಗೆ ಗೌಡರು ಹಳೇ ರೈಲು ಕಂಬಿಯ ತುಂಡೊಂದನ್ನು ತಂದು ನೇತುಹಾಕಿಸಿದರು. ಅದನ್ನು ಹೊಡೆಯುವವನು ರೈಟರನೇ. ಜಗಳ ಮೊಬೈಲಿನಿಂದ ಕಂಬಿಗೆ ವರ್ಗವಾಯಿತು. ಆ ಕೊನೆಯ ವರ್ಷ ನನ್ನ ಕೈಗೂ ಕೊಟ್ಟಿದ್ದ ಟ್ಯಾಬಿನಲ್ಲಿ ಹುಡುಕಿದೆ, 'ಸೈರನ್' ಎಂಬ ಆಯ್ಕೆ ಇರಲಿಲ್ಲ. 'ಇತರೆ' ಒತ್ತಿದೆ. ಅದು ತೆಗೆದುಕೊಳ್ಳಲಿಲ್ಲ.

ಧರ್ಮಪ್ಪಗೌಡರಿಗೆ ಮೊದಮೊದಲು ಖುಷಿಯೇ. "ಕರೆಂಟ್ ಹೋದ್ರೆ ಹೋಗ್ಲಿ ಬಿಡಮ್ಮ. ಇನ್ಮೇಲೆ ಕಾಫಿ ಕುಯ್ಯಕ್ಕೆ ಆಳಿಗೆ ಬರ ಇಲ್ಲ" ಎಂದಿದ್ದರು. ವರ್ಗವಿಲ್ಲದ ದಿನಗೂಲಿಯವರಲ್ಲಿ ಹೆಚ್ಚಿನವರು ಮಂಗಳೂರಿನ ಕಡೆ ಇಳಿದುಹೋದರು. ಉಳಿದ ಒಬ್ಬ ಆಪರೇಟರ್ ಅವರ ತೋಟಕ್ಕೆ ಹೋದ. ಎಂಟು ತಾಸಿನ ದುಡಿಮೆ ಮುಗಿಯುತ್ತಲೇ ಕುಯ್ಯುವುದು ನಿಲ್ಲಿಸಿ, ಅರ್ಧ ತುಂಬಿದ ಚೀಲದ ಪಕ್ಕ ನಿಂತುಕೊಂಡನಂತೆ. ಯಾಕಯ್ಯಾ ಎಂದರೆ, "ಮುಂದಿನ್ ಶಿಫ್ಟಿನೋನು ಬರ್ಲಿ, ಚಾರ್ಜ್ ಕೊಟ್ಬುಟ್ಟು ಹೋಗ್ತೀನಿ." ಗೌಡರು ನನಗೆ ಇದನ್ನು ಹೇಳುವಾಗ ನಗಲಿಲ್ಲ. ಅವರ ತೋಟದ ಬಾಳೆಗೊನೆ, ಹಾಲು, ಸೌದೆ ಎಲ್ಲ ಆ ಕ್ವಾರ್ಟರ್ಸಿಗೇ ಹೋಗುತ್ತಿತ್ತು ಎಂಬುದು ಅಷ್ಟರಲ್ಲಿ ಅವರ ಗಮನಕ್ಕೂ ಬಂದಿತ್ತು.

ಶಾಲೆಯಲ್ಲಿ ಕ್ವಾರ್ಟರ್ಸಿನ ಮಕ್ಕಳು ಟಿ.ಸಿ. ತೆಗೆದುಕೊಂಡು ಹೋದ ಮೇಲೆ ಇಬ್ಬರು ಮೇಷ್ಟರಲ್ಲಿ ಒಬ್ಬರು ಹೆಚ್ಚುವರಿ ಎನಿಸಿಕೊಂಡು ಹೋದರು. ಉಳಿದ ಮೇಷ್ಟರು ಐದು ತರಗತಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು "ನಮ್ ಕಡೆ ಪರಿಣಾಮ ಏನ್ ಬರೀತೀರಿ ಮೇಡಂ?" ಎಂದು ಕೇಳಿದರು. ನಾನು 'ನಗಣ್ಯ' ಎಂಬ ಪದ ಗೊತ್ತೇ ಎಂದೆ. ನಾಲ್ಕನೇ ತರಗತಿಗೆ ಕಠಿಣವಾಗುತ್ತೆ ಎಂದರು.

ಆಮೇಲೆ ಗೇಟಿನ ಹತ್ತಿರ ಹೋದೆ. ರತ್ನಮ್ಮನ ಬೆಂಚುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಒಂದೇ ಒಲೆ ಉರಿಯುತ್ತಿತ್ತು. ಅವಳು ಒಳಗಿನಿಂದ ಒಂದು ಕಾಗದ ತಂದು ಕೊಟ್ಟಳು. "ಇದೇನು ಓದಿ ಹೇಳಿ ಮೇಡಂ. ಇಂಗ್ಲಿಷಿನಲ್ಲಿದ್ರೆ ಮಗ್ಳು ಓದ್ತಿದ್ಲು. ಇದು ಕನ್ನಡದಾಗೈತೆ, ಯಾರ್ಗೂ ಅರ್ಥ ಆಗ್ತಿಲ್ಲ."

ಓದಿದೆ. ಪವರ್‌ಹೌಸಿನ ಜಾಗ ಸರ್ಕಾರಕ್ಕೆ ವಾಪಸ್ಸು. ಅದರ ಮೇಲೆ ಮನೆ ಕಟ್ಟಿಕೊಂಡವರ ಪೈಕಿ, ಮುಚ್ಚಿದ್ದರಿಂದ ದುಡಿಮೆ ಕಳೆದುಕೊಂಡವರಿಗೆ 'ಬಾಧಿತರು' ಎಂಬ ಪ್ರಮಾಣಪತ್ರ ಕೊಡಲಾಗುವುದು. ಅವರು ಇರುವ ಜಾಗದಲ್ಲೇ ಇರಬಹುದು. ಪ್ರಮಾಣಪತ್ರವಿಲ್ಲದವರು ಖಾಲಿ ಮಾಡಬೇಕು. ರತ್ನಮ್ಮ ಕೊಟ್ಟ ಅರ್ಜಿ ತಿರಸ್ಕೃತ. ಕಾರಣ: 'ಹಿಂದಿನ ಕುಟುಂಬ ಸಮೀಕ್ಷೆಯ ಪ್ರಕಾರ ಅರ್ಜಿದಾರರಿಗೆ ಯಾವುದೇ ಕೆಲಸವಿರಲಿಲ್ಲ.'

"ಯಾರ್ ಬರ್ದಿದ್ರಂತೆ ಹಂಗೆ?" ಎಂದಳು.

ಕೆಲವು ಪ್ರಶ್ನೆಗೆ ಬಿ.ಎ. ಉಪಯೋಗಕ್ಕೆ ಬರುವುದಿಲ್ಲ. "ನಾನೇ ಕಣಮ್ಮ" ಎಂದೆ.

ಅವಳು ಬಯ್ಯುತ್ತಾಳೆ ಎಂದುಕೊಂಡೆ. "ನೀವೇನ್ ಮಾಡ್ತೀರಾ ಬಿಡಿ, ನಾನ್ ಹೇಳಿದ್ನ ಬರ್ದಿದ್ದೀರಾ" ಎಂದು ಕಾಫಿ ಇಡಲು ಹೋದಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಅತ್ತೆ ಕಾಳಮ್ಮ ಜಗುಲಿಯ ಮೂಲೆಯಲ್ಲಿ ಕೂತು ನನ್ನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದರು.

ಮಾರನೇ ದಿನ ಸಾಹೇಬರ ಮುಂದೆ ನಿಂತೆ.

"ಕೆಲಸ ಇಲ್ಲದೋರು ಕೆಲಸ ಕಳ್ಕೊಳ್ಳೋದು ಹೆಂಗೆ ಜಯಮ್ಮನೋರೇ? ನೀವೇ ಬರೆದಿದ್ದೀರಲ್ಲ."

"ತಪ್ಪು ಬರ್ದಿದ್ದೀನಿ ಸರ್."

"ಸರ್ಕಾರಿ ಅಂಕಿಅಂಶ ತಪ್ಪಾಗಲ್ಲಮ್ಮ. ಹೆಚ್ಚು ಅಂದ್ರೆ ಹಳೇದಾಗುತ್ತೆ."

ಹಳೇ ಕಡತ ತೆಗೆಸಿದೆ. ಜಿರಳೆ ಮೂಲೆ ತಿಂದಿತ್ತು, ನನ್ನ ಸಹಿಯನ್ನು ಮಾತ್ರ ಗೌರವದಿಂದ ಬಿಟ್ಟಿತ್ತು. ಕ್ವಾರ್ಟರ್ಸಿನ ಹಾಳೆಗಳನ್ನು ಒಂದೊಂದೇ ತಿರುವಿದೆ. 'ಊಟದ ವ್ಯವಸ್ಥೆ' ಎಂಬ ಕಾಲಂ. ಸಂಸಾರ ತರದೆ ಒಬ್ಬೊಬ್ಬರೇ ಇದ್ದ ನೌಕರರ ಹೆಸರಿನ ಮುಂದೆಲ್ಲ ನನ್ನದೇ ಅಕ್ಷರದಲ್ಲಿ: ಮೆಸ್, ಮೆಸ್, ಮೆಸ್. ಎಣಿಸಿದೆ. ಇಪ್ಪತ್ತಮೂರು.

"ಸರ್, ಇಪ್ಪತ್ತಮೂರು ಜನ ಮೆಸ್ಸಿನಲ್ಲಿ ಉಂಡಿದ್ದಾರೆ. ಆ ಊರಲ್ಲಿ ಅಡುಗೆ ಕೆಲಸದವರು ಎಷ್ಟು ಅಂತ ನೋಡಿ. ಸೊನ್ನೆ. ನಮ್ಮ ಲೆಕ್ಕದ ಪ್ರಕಾರ ಅಲ್ಲಿ ಅನ್ನ ತಾನಾಗೇ ಬೆಂದು, ತಾನಾಗೇ ತಟ್ಟೆಗೆ ಬೀಳ್ತಿತ್ತು."

ಸಾಹೇಬರು ಎರಡೂ ಹಾಳೆ ನೋಡಿದರು. "ಇದು ಬೇರೆ ಕೋಷ್ಟಕ, ಅದು ಬೇರೆ ಕೋಷ್ಟಕ. ಎರಡು ಕೋಷ್ಟಕ ಪಕ್ಕಪಕ್ಕ ಇಟ್ಟು ನೋಡಬಾರದಮ್ಮ" ಎಂದರು. ನಾನು ನೋಡಿಯಾಗಿದೆ ಎಂದೆ.

ಆಗ ಅವರು ಕನ್ನಡಕ ತೆಗೆದು ಮೃದುವಾಗಿ ಮಾತಾಡಿದರು. ಸಾಹೇಬರು ಮೃದುವಾದರೆ ಹುಷಾರಾಗಿರಬೇಕು. ಹೊಸಬರು ಇದನ್ನೊಂದು ನೆನಪಿಡಿ. "ತಪ್ಪು ಅಂತ ಬರೆದು ಕೊಡ್ತೀರಾ? ಕೊಟ್ರೆ ನಾನು ನಿಮಗೆ ನೋಟಿಸ್ ಕೊಡಲೇಬೇಕಾಗುತ್ತೆ. ನಿಮ್ಮ ಪಿಂಚಣಿ ಫೈಲು ಇಲ್ಲೇ ಇದೆ. ಇನ್ನು ನಾಲ್ಕು ತಿಂಗಳು. ಯಾರೋ ರೊಟ್ಟಿ ತಟ್ಟೋಳಿಗೋಸ್ಕರ ಯಾಕೆ?"

ನಾನು ಧೀರಳಂತೆ ಅಲ್ಲೇ ಬರೆದುಕೊಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆಗೆ ಹೋದೆ. ಎರಡು ದಿನ ರಜೆ ಹಾಕಿದೆ. ಪಿಂಚಣಿ ನಿಂತರೆ ಏನೇನು ನಿಲ್ಲುತ್ತದೆ ಎಂದು ಯೋಚಿಸಿದೆ. ನನ್ನ ಸ್ವಂತ ಪವರ್‌ಹೌಸ್ ಮುಚ್ಚುವ ಪರಿಣಾಮ ನನಗೆ ನಗಣ್ಯ ಎನಿಸಲಿಲ್ಲ. ಮೂರನೇ ದಿನ ಹೋಗಿ ಬರೆದೆ: 'ಅರ್ಜಿದಾರರು ಏನಿಲ್ಲ ಎಂದು ಹೇಳಿದ್ದನ್ನು ಏನೂ ಇಲ್ಲ ಎಂದು ಅರ್ಥ ಮಾಡಿಕೊಂಡದ್ದು ನನ್ನ ತಪ್ಪು. ಅದೇ ದಿನ ನಾನೂ ಆ ಮೆಸ್ಸಿನಲ್ಲಿ ತಿಂದಿದ್ದೇನೆ.' ಸಹಿ ಹಾಕಿದೆ. ಪಕ್ಕದಲ್ಲಿ ಬಿ.ಎ. ಎಂದೂ ಬರೆದೆ. ತಪ್ಪು ಬರೆಯುವಾಗ ಹಾಕಿದವಳು ಒಪ್ಪಿಕೊಳ್ಳುವಾಗ ಬಿಟ್ಟರೆ ಚೆನ್ನಾಗಿರುವುದಿಲ್ಲ.

ನೋಟಿಸ್ ಬಂತು, ವಿವರಣೆ ಕೊಟ್ಟೆ, ಸೇವಾ ಪುಸ್ತಕದಲ್ಲಿ 'ಎಚ್ಚರಿಕೆ ನೀಡಲಾಗಿದೆ' ಎಂಬ ಒಂದು ಸಾಲು ಬಿತ್ತು. ಪಿಂಚಣಿ ಮೂರು ತಿಂಗಳು ತಡವಾಗಿ ಬಂತು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಬಗ್ಗೆ ಕಚೇರಿ ಬರೆದ ಒಂದೇ ಒಂದು ನಿಜವಾದ ಮಾತು ಆ ಎಚ್ಚರಿಕೆಯ ಸಾಲು.

ಆದರೆ ನನ್ನ ಮಾತೊಂದೇ ಸಾಲದು, ಉಂಡವರ ಹೇಳಿಕೆ ಬೇಕು, ಸ್ಥಳ ಪರಿಶೀಲನೆಯೂ ಆಗಬೇಕು ಎಂದು ಆದೇಶವಾಯಿತು. ಪುಟ್ಟೇಗೌಡರಿಗೆ ಫೋನ್ ಮಾಡಿದೆ. ಅವರು ಬೇರೆ ಬೇರೆ ಕಡೆ ಚದುರಿದ್ದ ಹಳೇ ನೌಕರರನ್ನು ಹಿಡಿದು ಕಾಗದ ಬರೆಸಿ ಕಳಿಸಿದರು. ತಮ್ಮದನ್ನು ತಾವೇ ಬರೆದಿದ್ದರು: 'ಹದಿನಾರು ವರ್ಷ ರತ್ನಮ್ಮನವರ ಕೈ ಊಟ ಮಾಡಿದ್ದೇನೆ. ಸಾರಿಗೆ ಉಪ್ಪು ಒಂದು ಕೈ ಮುಂದು. ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.'

"ಇದನ್ಯಾಕೆ ಬರೆದ್ರಿ ಗೌಡ್ರೇ?" ಎಂದೆ.

"ಬರೀ ಹೊಗಳಿದ್ರೆ ದುಡ್ಡು ತಗೊಂಡು ಬರ್ದವ್ನೆ ಅಂತಾರೆ ಮೇಡಂ. ಉಪ್ಪಿನ್ ವಿಷ್ಯ ಉಂಡೋನಿಗ್ ಬಿಟ್ರೆ ಯಾರಿಗ್ ಗೊತ್ತಿರ್ತದೆ?"

ಸ್ಥಳ ಪರಿಶೀಲನೆಗೆ ಸಾಹೇಬರೇ ಜೀಪಿನಲ್ಲಿ ಬಂದರು. ನಾನು ಹಿಂದಿನ ದಿನವೇ ಹೋಗಿ ರತ್ನಮ್ಮನಿಗೆ ಹೇಳಿಕೊಟ್ಟಿದ್ದೆ: "ಏನ್ ಕೆಲಸ ಅಂತ ಕೇಳ್ತಾರೆ. ಸುಮ್ನೆ ಇದ್ದೆ ಅಂತ ಮಾತ್ರ ಅನ್ಬೇಡ ಮಾರಾಯ್ತಿ." ಆಯ್ತು ಬಿಡಿ ಎಂದಿದ್ದಳು.

ಸಾಹೇಬರು ಬೆಂಚಿನ ಮೇಲೆ ಕೂತು ಪೆನ್ನು ಬಿಚ್ಚಿದರು. "ಏನಮ್ಮ, ಪವರ್‌ಹೌಸ್ ಇದ್ದಾಗ ಏನ್ ಕೆಲಸ ಮಾಡ್ತಿದ್ರಿ?"

ರತ್ನಮ್ಮ ಸೆರಗು ಹೊದ್ದುಕೊಂಡು ನೆಲ ನೋಡಿದಳು. "ನಂದೇನೈತೆ ಸಾರ್. ಏನಿಲ್ಲ."

ಸಾಹೇಬರು ನನ್ನ ಕಡೆ ನೋಡಿದರು. ನಾನು ತಗಡಿನ ಕಡೆ ನೋಡಿದೆ. ಮೂರು ತಿಂಗಳ ಓಡಾಟ, ಒಂದು ನೋಟಿಸು, ಇವಳ ಮನೆ, ಎಲ್ಲವೂ ಆ 'ಏನಿಲ್ಲ'ದೊಳಕ್ಕೆ ಹೋಗಿ ಬಿದ್ದವು ಎಂದುಕೊಂಡೆ. ಪೆನ್ನು ಕಾಗದಕ್ಕೆ ತಾಗಿತು.

"ಬೆಳಿಗ್ಗೆ ಶಿಫ್ಟಿನೋರ್ಗೆ ರೊಟ್ಟಿ" ಎಂದಳು ಅವಳು, ನೆಲವನ್ನೇ ನೋಡುತ್ತ. "ಇಪ್ಪತ್ ಮೂವತ್ ಜನುಕ್ಕೆ, ತಲಾ ಮೂರು. ಪುಟ್ಟೇಗೌಡ್ರಿಗೆ ನಾಕು. ಮಧ್ಯಾನುಕ್ಕೆ ಮುದ್ದೆ, ಅನ್ನ, ಸಾರು. ಮಳೆಗಾಲುದಾಗೆ ಕಡುಬು. ರಾತ್ರಿ ಶಿಫ್ಟಿನೋರ್ದು ಡಬ್ಬಿಗೆ ತುಂಬಿ ಗೇಟ್ ತಾವ ಕೊಡ್ತಿದ್ದೆ. ಜ್ವರ ಬಂದೋರ್ಗೆ ಗಂಜಿ. ಸಕ್ಲೇಶ್‌ಪುರದಿಂದ ಸಾಮಾನ್ ತರೋದು, ಅಕ್ಕಿ ಆರ್ಸೋದು, ಸೌದೆ ಒಡೆಯೋದು. ಅದ್ ಬುಟ್ರೆ ಏನಿಲ್ಲ ಸಾರ್. ಸುಮ್ನೆ ಇದ್ದೆ."

ಸಾಹೇಬರು ಬಹಳ ಹೊತ್ತು ಬರೆದರು. ಬರೆಯುತ್ತ ಬರೆಯುತ್ತ ಒಂದು ಸಲ ನಿಲ್ಲಿಸಿ, "ಸೌದೆನೂ ನೀವೇನಾ?" ಎಂದು ಕೇಳಿದರು. ಅವರು ಪ್ರಶ್ನಾವಳಿಯಲ್ಲಿಲ್ಲದ ಪ್ರಶ್ನೆ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವರದಿಯಲ್ಲಿ 'ನಗಣ್ಯ' ಹಾಗೇ ಉಳಿಯಿತು. ಬಸ್ಸು ಹೊಂಗಡಹಳ್ಳಕ್ಕೇ ನಿಲ್ಲುತ್ತದೆ, ಮೇಷ್ಟರು ಒಬ್ಬರೇ ಇದ್ದಾರೆ. ನಾನು ಇಡೀ ಪವರ್‌ಹೌಸಿನ ಕತೆಯಲ್ಲಿ ತಿದ್ದಿಸಿದ್ದು ಒಂದು ಸಾಲು ಮಾತ್ರ. ಅದೂ ನಾನೇ ಕೆಡಿಸಿದ್ದ ಸಾಲು.

ಪ್ರಮಾಣಪತ್ರ ಬಂದದ್ದು ನಾನು ನಿವೃತ್ತಳಾದ ಮೇಲೆ. ಅಂಚೆಯಲ್ಲಿ ಕಳಿಸಿದರೆ ಎಲ್ಲಿ ಹೋಗುತ್ತದೋ ಎಂದು, ಕಚೇರಿಯಿಂದ ಕೇಳಿ ಪಡೆದು ನಾನೇ ತೆಗೆದುಕೊಂಡು ಹೋದೆ. ರತ್ನಮ್ಮ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. ಜಗುಲಿಯಿಂದ ಅತ್ತೆ ಕಾಳಮ್ಮ, "ಜೋರಾಗ್ ಓದವ್ವ, ಕೇಳಾನ" ಎಂದರು. ಓದಿದೆ. ರತ್ನಮ್ಮ, ವೃತ್ತಿ: ಅಡುಗೆ ಮತ್ತು ಮೆಸ್ ನಡೆಸುವುದು, ಪವರ್‌ಹೌಸ್ ಮುಚ್ಚಿದ್ದರಿಂದ ಬಾಧಿತರು, ಹಾಲಿ ವಾಸವಿರುವ ಜಾಗದಲ್ಲೇ ಮುಂದುವರಿಯಲು ಅರ್ಹರು. ಸಹಿ, ಮೊಹರು.

ಕಾಳಮ್ಮ ಎಲ್ಲವನ್ನೂ ತಲೆಯಾಡಿಸಿ ಕೇಳಿಸಿಕೊಂಡರು. ಆಮೇಲೆ ಚರ್ಮ ಸುಲಿದು ಬೆಳ್ಳಗಾದ ತಮ್ಮ ಎರಡು ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು:

"ಎಲ್ಲಾ ಸರಿ ಕಣವ್ವ. ಅಷ್ಟೂ ಜನುದ್ ತಟ್ಟೆ ತೊಳ್ದೋರ್ ಯಾರು ಅಂತ ಬರ್ದೈತಾ ಅದ್ರಾಗೆ?"